ಮುಂಡರಗಿ ಸ್ಟ್ಯಾಂಡಿನಲ್ಲಿ ಮೆಂತೆ ಬೀಜ

ಸಂತೆಯೆಲ್ಲ ಸುತ್ತಿ ದಣಿದು ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಅಂಟಾರ್ಕ್ಟಿಕಾಕ್ಕೆ ಕೆಲಸಕ್ಕೆ ಹೊರಟ ಡೀಸೆಲ್ ಮೆಕ್ಯಾನಿಕ್ ಒಬ್ಬ. ಕಳಿಸಲು ಬಂದ ಅವನ ಅಕ್ಕ ಮೆಂತೆ ಬೀಜದ ಗಂಟನ್ನು ಚೀಲಕ್ಕೆ ತುರುಕುತ್ತಿದ್ದಳು.

“ಬ್ಯಾಡಬೇ ಅಕ್ಕಾ. ಅಲ್ಲಿಗೆ ಹೊರಗಿನ ಬೀಜ, ಮಣ್ಣು ಒಯ್ಯಾಂಗಿಲ್ಲ, ಕಾಯ್ದೆ ಐತಿ. ಸಿಕ್ರ ನನ್ನ ವಾಪಸ್ ಕಳಸ್ತಾರ.”

“ವರ್ಷಗಟ್ಲೆ ಹಸಿ ತಪ್ಪಲ ಪಲ್ಯ ಇಲ್ದ ರೊಟ್ಟಿ ಹ್ಯಾಂಗ ತಿಂತಿಯೋ? ಒಂದ ಡಬ್ಬ್ಯಾಗ ಬಿತ್ತಿಕೋ.”

ಯಾವ ಕಾಯ್ದೆಗೂ ಒಂದು ಸಂದಿ ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ. ಬಾಯಿ ಹಾಕಿದೆ: “ಹುರಿದು ಕೊಡ್ರಿ ತಂಗೆವ್ವ. ಹುರಿದ ಬೀಜ ಮೊಳಿಯಂಗಿಲ್ಲ.”

“ಮೊಳಿಲಿಲ್ಲಂದ್ರ ಒಯ್ದು ಏನ ಮಾಡ್ತಾನ್ರೀ ಅಣ್ಣಾರ?”

ಗದಗಿನ ಬಸ್ಸು ಬಂತು. ಅವಳು ಗಂಟನ್ನು ಸೆರಗಿಗೆ ಕಟ್ಟಿಕೊಂಡು, ತಮ್ಮನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕಾಲುಚೀಲಕ್ಕೆ ಹೊಲದಿಂದ ಅಂಟಿಬಂದಿದ್ದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕೀಳತೊಡಗಿದಳು.