ಬೆಟ್ಟದ ಕಡೆ

ಚೀಲದೊಳಗಿನ ಗಂಟೆ ಕಿಣಿಕಿಣಿ ಎಂದದ್ದೇ ನನ್ನ ಕಾಲುಗಳು ಅಲ್ಲಿಯೇ ನಿಂತುಬಿಟ್ಟವು. ಕ್ಯಾನರಿ ವಾರ್ಫ್ ಟ್ಯೂಬ್ ಸ್ಟೇಷನ್ನಿನಲ್ಲಿ, ನೆಲದಡಿಯ ರೈಲಿಗೆ ಇಳಿಯುವ ಎಸ್ಕಲೇಟರಿನ ಬಾಯಿ. ನಮ್ಮನೆಯವರು ತೀರಿಕೊಂಡ ಮೇಲೆ ಅವರ ಆಫೀಸಿನ ಮೇಜಿನ ಸಾಮಾನು ತರಲು ಮಗಳು ನಿಶಾಳ ಜೊತೆ ಬಂದಿದ್ದೆ. ಒಂದು ಮಗ್ಗು, ಒಂದು ಸ್ವೆಟರು, ಒಂದು ಹಿತ್ತಾಳೆ ಗಂಟೆ. ಹೇಸರಗತ್ತೆಯ ಕೊರಳಿನದು; ನನಗೆ ಸಿಕ್ಕಿದ್ದನ್ನು ಅವರು ಮೇಜಿಗೆ ಒಯ್ದಿಟ್ಟುಕೊಂಡಿದ್ದರು.

ಆ ಗಂಟೆಯ ಊರಿನ ಬಗ್ಗೆ ನಿಮಗೆ ಹೇಳಬೇಕು. ಹಿಂದೆ ಉಪ್ಪು, ಉಣ್ಣೆಯ ವ್ಯಾಪಾರಿಗಳು ಓಡಾಡುತ್ತಿದ್ದ ಹಿಮಾಲಯದ ಹಾದಿಯಲ್ಲಿ, ಕಲ್ಲುಮನೆಗಳ ಒಂದು ಹಳ್ಳಿ. ರಸ್ತೆ ಮುಗಿದ ಮೇಲೆ ಇಡೀ ದಿನ ನಡೆಯಬೇಕು. ಹ್ಯಾರೋದ ನಮ್ಮ ಮನೆಯ ಮೆಟ್ಟಿಲನ್ನೇ ಕಂಬಿ ಹಿಡಿದು ಇಳಿಯುವವಳು ನಾನು. ಒಮ್ಮೆ ಇವರ ಜೊತೆ ಅಲ್ಲಿಗೆ ಹೇಗೆ ಹೊರಟೆನೋ! ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಣಿವೆ. ನದಿ ಎಲ್ಲೋ ಆಳದಲ್ಲಿ. ಅದರ ಸದ್ದು ಮಾತ್ರ ಮೇಲೆ ಬರುತ್ತಿತ್ತು.

ತಿರುವಿನಾಚೆ ಗಂಟೆ ಕೇಳಿಸಿತು. ಹೇರು ಹೊತ್ತ ಹೇಸರಗತ್ತೆಗಳ ಸಾಲು ಎದುರಿಗೆ ಬಂತು. ಟ್ಯೂಬಿನ ಎಸ್ಕಲೇಟರಿನಲ್ಲಿ ವರ್ಷಗಟ್ಟಲೆ ಬಲಕ್ಕೆ ನಿಂತು, ಎಡವನ್ನು ಅವಸರದವರಿಗೆ ಬಿಟ್ಟು ರೂಢಿಯಾದ ನಾವಿಬ್ಬರೂ ಮರ್ಯಾದಸ್ಥರಂತೆ ಬಲಕ್ಕೆ ಸರಿದು ನಿಂತೆವು. ಬಲಕ್ಕೆ ಕಣಿವೆಯಿತ್ತು.

"ಬೆಟ್ಟದ ಕಡೆ! ಬೆಟ್ಟದ ಕಡೆ!" ಎಂದು ಹೇಸರಗತ್ತೆಯವನು ಹಿಂದಿಯಲ್ಲಿ ಕಿರುಚಿದ. ಇವರು ನನ್ನ ತೋಳು ಹಿಡಿದೆಳೆದು ಬಂಡೆಗೆ ಒತ್ತಿದರು. ತಾವು ಒರಗಲು ಹೊತ್ತಿರಲಿಲ್ಲ. ನನಗೆ ಮರೆಯಾಗಿ ನಿಂತರು. ಒಂದೊಂದು ಹೇರು ಬೆನ್ನು ಉಜ್ಜಿ ಹೋದಾಗಲೂ ಅವರ ಎದೆ ನನ್ನ ಮುಖಕ್ಕೆ ಬಡಿಯುತ್ತಿತ್ತು.

"ಹೆದರಬ್ಯಾಡ, ನಾ ಅದೀನಿ," ಅಂದರು. ದನಿ ನಡುಗುತ್ತಿತ್ತು.

ಸಂಜೆ ನಾವು ಉಳಿದ ಮನೆಯ ಅಜ್ಜಿ ಉಪ್ಪಿನ ಚಹಾ ಕೊಟ್ಟು, "ನಿಮ್ಮೂರಲ್ಲಿ ಹೇಸರಗತ್ತೆ ಇಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದಳು.

"ಅದಾವಲ್ಲ, ಸೂಟು ಹಾಕ್ಕೊಂಡು ಆಫೀಸಿಗೆ ಹೋಗ್ತಾವು," ಎಂದು ಇವರು ಮೊದಲು ನನಗೆ ಹೇಳಿ, ಆಮೇಲೆ ಅವಳಿಗೆ ಹಿಂದಿಯಲ್ಲಿ ಹೇಳಿದರು. ಅಜ್ಜಿ ನಕ್ಕು ನಕ್ಕು, ಗೋಡೆಯ ಮೊಳೆಯಲ್ಲಿದ್ದ ಹಳೆಯ ಗಂಟೆ ತೆಗೆದು ನನ್ನ ಕೈಗಿಟ್ಟಳು. "ಇದು ಕೇಳಿಸಿದರೆ ಮೊದಲು ಬೆಟ್ಟ ಹಿಡಿ, ಮಗಳೇ. ಯೋಚನೆ ಆಮೇಲೆ ಮಾಡು."

ನಾಳೆ ಮತ್ತೆ ಅದೇ ದಾರಿ ಎಂದು ನೆನೆದು ಚಹಾದ ಲೋಟ ಕೆಳಗಿಟ್ಟೆ. "ರೀ, ನೀವು ಬಿದ್ದಿದ್ದರ?" ಎಂದೆ.

"ಬೀಳಲಿಲ್ಲಲ್ಲ."

ಕೊನೆಗೆ ಅವರು ಬಿದ್ದದ್ದು ಹ್ಯಾರೋದಲ್ಲಿ, ಅಡುಗೆಮನೆಯ ಸಪಾಟು ನೆಲದ ಮೇಲೆ, ಕೆಟಲಿನ ನೀರು ಕುದಿಯುವಷ್ಟರಲ್ಲಿ. ಅಂದಿನಿಂದ ಯಾವ ನೆಲವನ್ನೂ ನಾನು ನಂಬುತ್ತಿಲ್ಲ.

"ಅಮ್ಮಾ, ಕಮಾನ್. ಪೀಪಲ್ ಆರ್ ವೇಟಿಂಗ್," ಅಂದಳು ನಿಶಾ.

ಎಸ್ಕಲೇಟರಿಗೆ ಬೆಟ್ಟದ ಕಡೆ ಯಾವುದು? ಬಲಗಡೆಯ ಕಂಬಿಯನ್ನು ಬಿಗಿಯಾಗಿ ಹಿಡಿದು ಕಾಲಿಟ್ಟೆ. ನಿಶಾ ನನ್ನ ಹಿಂದೆ ನಿಲ್ಲಲಿಲ್ಲ. ಅದೇ ಮೆಟ್ಟಿಲಿನಲ್ಲಿ ನನ್ನ ಎಡಕ್ಕೆ ನಿಂತಳು. ಹಿಂದಿನಿಂದ ಯಾರೋ "ಎಕ್ಸ್‌ಕ್ಯೂಸ್ ಮೀ" ಎಂದು ಸಿಡುಕಿದರು.

"ಎಡಕ್ಕ ನಿಂದರಬಾರದವಾ," ಎಂದು ಪಿಸುಗುಟ್ಟಿದೆ.

"ಐ ನೋ."

ಅವಳು ಸರಿಯಲಿಲ್ಲ. ಜನ ಗೊಣಗಿದರು, ಯಾರದೋ ಚೀಲ ಅವಳ ಬೆನ್ನಿಗೆ ತಾಗಿತು. ನನ್ನನ್ನು ಕಂಬಿಗೆ ಒತ್ತಿದ್ದ ಅವಳ ಭುಜ ನಡುಗುತ್ತಿರುವುದು ಆಗ ಗೊತ್ತಾಯಿತು. ಇಷ್ಟು ದಿನ ನನ್ನ ಭಯವೊಂದನ್ನೇ ನೋಡಿಕೊಂಡಿದ್ದೆ. ಕಂಬಿ ಬಿಟ್ಟು ಅವಳ ಸೊಂಟ ಬಳಸಿ ಹಿಡಿದೆ.

"ಹೆದರಬ್ಯಾಡ," ಅಂದೆ. "ನಾ ಅದೀನಿ."