ಅವ್ವನ ಕೈಯ ಹಸಿರು ಬಳೆ

ಗಾಳಿ ಸೋಕುವುದು, ಮೈಮೇಲೆ ಬರುವುದು ಮುಂತಾದ ಮಾತುಗಳನ್ನು ನಾನು ನಂಬಿದವಳಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅಂಥ ಮಾತು ಬಂದಾಗಲೆಲ್ಲ ಅದಕ್ಕೊಂದು ಕಾರಣ ಹುಡುಕಿ ಹೇಳುವುದು ನನ್ನ ಹೊಣೆಯೆಂದೇ ಭಾವಿಸಿದ್ದೆ. ಈಗಲೂ ನಂಬುವುದಿಲ್ಲ. ಆದರೂ ಕೆಲವು ವರ್ಷಗಳ ಹಿಂದಿನ ಒಂದು ಸಂಜೆಯ ಸಂಗತಿಯನ್ನು, ನಡೆದಷ್ಟನ್ನೇ, ಓದುಗರ ಮುಂದಿಡುತ್ತಿದ್ದೇನೆ.

ರಾಮಕೃಷ್ಣನಗರದ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಅವ್ವ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಆಭರಣಗಳನ್ನೆಲ್ಲ ತೆಗೆಯಬೇಕೆಂದರು. ತಾಳಿ, ಕಾಲುಂಗುರ ಬಿಚ್ಚಿದ್ದಾಯಿತು. ಗಾಜಿನ ಬಳೆಗಳು ಮಾತ್ರ ಜಾರಲಿಲ್ಲ. ಬಟ್ಟೆ ಸುತ್ತಿ ಒಡೆದು ತೆಗೆದರು. ಅಪ್ಪ ಮುಖ ತಿರುಗಿಸಿಕೊಂಡರು.

ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ ಅವ್ವ ಸರಿಯಾಗಿಯೇ ಮಾತನಾಡಿ ಇಡ್ಲಿ ತಿಂದಳು. ಸಂಜೆಯಾಗುತ್ತಿದ್ದಂತೆ ಬೇರೆಯೇ ಆದಳು. ಹೊದಿಕೆಯನ್ನು ಕೀಳತೊಡಗಿದಳು, ಗೋಡೆಯ ಕಡೆ ನೋಡಿ ಯಾರನ್ನೋ ಒಳಗೆ ಕರೆದಳು. ಆಮೇಲೆ ತನ್ನ ಬರಿಗೈಗಳನ್ನು ಕಂಡು ದನಿ ತೆಗೆದು ಅಳತೊಡಗಿದಳು. ಗಂಡ ತೀರಿಕೊಂಡಿದ್ದಾರೆ, ನಾವೆಲ್ಲ ಮುಚ್ಚಿಡುತ್ತಿದ್ದೇವೆ ಎಂದೇ ಅವಳು ತಿಳಿದಿದ್ದಳು. ಅಪ್ಪ ಎದುರಿಗೇ ನಿಂತು "ನಾನೇ ಕಣೆ, ನೋಡಿಲ್ಲಿ" ಎಂದರೆ, "ಯಾರಪ್ಪ ನೀನು? ಅವ್ರ ಅಂಗಿ ಹಾಕ್ಕೊಂಡ್ ಬಂದಿದ್ದೀಯಲ್ಲ, ನಾಚ್ಕೆ ಆಗಲ್ವಾ?" ಎಂದಳು.

ಊರಿನಿಂದ ಬಂದಿದ್ದ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದರು. "ಇದು ಗಾಳಿ ಕಣವ್ವ. ಕಾರ್ ಕರ್ಸಿದ್ದೀನಿ, ಊರಿಗೆ ಎತ್ಕೊಂಡ್ ಹೋಗಿ ತಾಯತ ಕಟ್ಟಿಸ್ಬುಡಾನ. ನೀನು ಓದಿರೋಳು, ಡಾಕ್ಟ್ರ ಜೊತೆ ಇಂಗ್ಲಿಷ್ ಮಾತಾಡ್ಕೊಂಡ್ ಕೂತಿರ್ಬ್ಯಾಡ."

ಹೊಲಿಗೆ ಇನ್ನೂ ಹಸಿಯಾಗಿತ್ತು. ಈ ಸ್ಥಿತಿಯಲ್ಲಿ ಕರೆದೊಯ್ದರೆ ಪ್ರಾಣಕ್ಕೇ ಅಪಾಯವೆಂದು ವೈದ್ಯೆ ಸ್ಪಷ್ಟವಾಗಿ ಹೇಳಿದರು. ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ, ಸನ್ನಿ ಎಂದರು. ವಯಸ್ಸಾದವರಲ್ಲಿ ಸೋಂಕು, ನೋವು, ನಿದ್ದೆಗೇಡು, ಔಷಧಿಗಳಿಂದ ಬುದ್ಧಿ ಹೀಗೆ ದಿಢೀರನೆ ಕದಡುವುದುಂಟಂತೆ. ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು. ಕೈಕಾಲು ಕಟ್ಟಬೇಡಿ, ಕನ್ನಡಕ ಹಾಕಿ, ದೀಪ ಉರಿಯುತ್ತಿರಲಿ, ಎಲ್ಲಿದ್ದೀರೆಂದು ಮೆಲ್ಲಗೆ ಹೇಳುತ್ತಿರಿ, ವಾದಿಸಬೇಡಿ ಎಂದರು. ನಾನು ಕನ್ನಡಕ ಹಾಕಿದೆ. ಬರಿಗೈ ಇನ್ನೂ ಚೆನ್ನಾಗಿ ಕಂಡಿತೇನೋ, ಅಳು ಹೆಚ್ಚಾಯಿತು.

ಬಳೆ ತೊಡಿಸಿದರೆ ಸಮಾಧಾನವಾದೀತು ಎನ್ನಿಸಿತು. ಎಡಗೈಗೆ ಡ್ರಿಪ್ ಹಾಕಿದ್ದರಿಂದ ಬಲಗೈಗಾದರೂ ಸಾಕೆಂದುಕೊಂಡೆ. ಎಷ್ಟು ಹೇಳಿದರೂ ಒಪ್ಪದ ಮಾವನನ್ನು, ನಾನು ಬರುವವರೆಗಾದರೂ ಕಾಯಿರೆಂದು ಬೇಡಿಕೊಂಡು, ಅವ್ವನನ್ನು ಸಿಸ್ಟರ್‌ಗೆ ಒಪ್ಪಿಸಿ, ಹತ್ತಿರದ ಅಂಗಡಿಗೆ ಓಡಿದೆ. ಅಪ್ಪ, ಮಾವ ಇಬ್ಬರೂ ವಾರ್ಡಿನ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತರು.

ನಾನು ಬಳೆ ಕೊಂಡು ಮರಳಿದಾಗ ಅವ್ವ ಅಳುತ್ತಿರಲಿಲ್ಲ. ಅವಳ ಎರಡೂ ಕೈಗಳಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಎಡ ಅಂಗೈಯ ಹಿಂಬದಿಯ ಸೂಜಿ, ಪ್ಲಾಸ್ಟರ್, ಕೊಳವೆ ಎಲ್ಲ ಇದ್ದಂತೆಯೇ ಇದ್ದವು. ಬಳೆಗಳು ಅವುಗಳಾಚೆ, ಮಣಿಕಟ್ಟಿನಲ್ಲಿದ್ದವು. ಕೊಳವೆ ಬಿಚ್ಚದೆ ಇಡೀ ಬಳೆ ಅಲ್ಲಿಗೆ ಹೋಗಲಾರದು.

"ಡ್ರಿಪ್ ಬಿಚ್ಚಿದ್ರಾ ಸಿಸ್ಟರ್?" ಎಂದು ಕೇಳಿದೆ.

"ನಾನ್ಯಾಕೆ ಬಿಚ್ಲಿ ಕಣಮ್ಮ? ಬಾಟ್ಲಿ ಇನ್ನೂ ಅರ್ಧ ಇದೆ."

ಒಳಗೆ ಯಾರೂ ಹೋಗಲಿಲ್ಲವೆಂದು ಬಾಗಿಲಲ್ಲಿದ್ದ ಇಬ್ಬರೂ ಹೇಳಿದರು. ಪಕ್ಕದ ಹಾಸಿಗೆಯ ಹೆಂಗಸು ಮಾತ್ರ ಅವ್ವನನ್ನು ಗಮನಿಸಿದ್ದರು. "ಯಾರೂ ಬರ್ಲಿಲ್ಲ ಕಣ್ರೀ. ಬಳೆಗಾರಂಗೆ ಚಾಚ್ದಂಗೆ ಕೈ ಚಾಚ್ಕೊಂಡಿದ್ರು. ಮೊದ್ಲು ಆ ಕೈ, ಆಮೇಲೆ ಈ ಕೈ. ಪಾಪ, ಭ್ರಮೆ ಅನ್ಕೊಂಡು ನಾನು ಆ ಕಡೆ ತಿರುಗಿ ಮಲಿಕ್ಕೊಂಡೆ."

ಮಾವ ಕಿಟಕಿಯಾಚೆ ಕಾಣುತ್ತಿದ್ದ ದೇವಿಯ ಬೆಟ್ಟದ ಕಡೆ ಕೈಮುಗಿದು, "ತಾಯಿ ಬಂದ್ ಹೋಗವ್ಳೆ, ಇನ್ನ ಭಯ ಇಲ್ಲ" ಎಂದು ಕಾರನ್ನು ವಾಪಸು ಕಳಿಸಿದರು. ನಾನು ಎಷ್ಟು ಬೇಡಿದರೂ ಒಪ್ಪದಿದ್ದವರು ಅವರು. ಹೀಗಾಗಿ ಅವ್ವ ಆಸ್ಪತ್ರೆಯಲ್ಲೇ ಉಳಿದಳು. ಪರೀಕ್ಷೆಯಲ್ಲಿ ಮೂತ್ರದ ಸೋಂಕು ಕಂಡುಬಂದು, ಅದಕ್ಕೆ ಔಷಧಿ ಕೊಟ್ಟ ಮೇಲೆ ಕೆಲವೇ ದಿನಗಳಲ್ಲಿ ಬುದ್ಧಿ ತಿಳಿಯಾಯಿತು. ವೈದ್ಯೆ ಹೇಳಿದ್ದರಲ್ಲಿ ಒಂದೂ ತಪ್ಪಲಿಲ್ಲ. ಬಳೆಯ ವಿಷಯ ಕೇಳಿದಾಗ ಮಾತ್ರ ಅವರು, ಯಾರೋ ತೊಡಿಸಿರಬೇಕು ಎಂದರು. ನಾನೂ ಹಾಗೆಯೇ ಎಂದುಕೊಳ್ಳುತ್ತೇನೆ. ಆ ಯಾರೋ ಯಾರೆಂದು ವಾರ್ಡಿನಲ್ಲಿ ಒಬ್ಬೊಬ್ಬರನ್ನೂ ವಿಚಾರಿಸಿದ್ದೇನೆ.

ಅವ್ವನಿಗೆ ಆ ಸಂಜೆಯ ಅಳು, ಅಪ್ಪನನ್ನು ಗುರುತಿಸದೆ ಹೋದದ್ದು, ಯಾವುದೂ ನೆನಪಿಲ್ಲ. ಒಂದು ಮಾತ್ರ ನೆನಪಿದೆ. ಮನೆಗೆ ಬಂದ ಮೇಲೆ ಒಮ್ಮೆ ಕೇಳಿದಳು: "ಬಳೆ ನೀನೇ ತೊಡ್ಸಿದ್ದಲ್ವೇನೆ? ಚೂರೂ ನೋವಾಗ್ಲಿಲ್ಲ. ಯಾವಾಗ ಕಲ್ತೆ?"

ಇನ್ನೊಬ್ಬರ ಕೈಗೆ ಬಳೆ ತೊಡಿಸಲು ನನಗೆ ಇಂದಿಗೂ ಬರುವುದಿಲ್ಲ.