ಬುದ್ಧನ ಬಾಗಿಲಲ್ಲಿ ಇಬ್ಬರು ಮೀಸೆಯವರು

ನಮ್ಮ ಬೀದಿಯ ಬುದ್ಧವಿಹಾರದ ಬಾಗಿಲಿಗೆ ಕಾವಲುಗಾರರ ವಿಗ್ರಹ ಬೇಕೆಂದು ಹಟ ಹಿಡಿದವನು ನಾನೇ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ. ಅಜ್ಜಂಪುರದ ಕಡೆಯ ನಮ್ಮ ಬೀದಿಯಲ್ಲಿ ಆಗ ಬಿ.ಎ. ಆದವನು ನಾನೊಬ್ಬನೇ. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲಕ್ಕೆ ದಕ್ಕಿಸಿಕೊಂಡ ಪದವಿ. ಅಷ್ಟು ಪಾಡುಪಟ್ಟು ಗಳಿಸಿದ್ದನ್ನು ಎಲ್ಲಾದರೂ ಉಪಯೋಗಿಸಬೇಡವೇ?

ಕಾಲೇಜಿನ ಲೈಬ್ರರಿಯಲ್ಲಿ ಒಂದು ದಪ್ಪ ಚಿತ್ರದ ಪುಸ್ತಕ ನೋಡಿದ್ದೆ. ಜಪಾನಿನ ಬೌದ್ಧ ದೇವಾಲಯಗಳ ಹೆಬ್ಬಾಗಿಲಲ್ಲಿ ಇಬ್ಬರು ಜಟ್ಟಿಗಳು ನಿಂತಿರುತ್ತಾರೆ. ಒಬ್ಬ ಬಾಯಿ ತೆರೆದವನು, ಇನ್ನೊಬ್ಬ ಮುಚ್ಚಿದವನು. ತೆರೆದ ಬಾಯಿ 'ಅ' ಅನ್ನುತ್ತದೆ, ಮುಚ್ಚಿದ್ದು 'ಮ್' ಅನ್ನುತ್ತದೆ; ಎಲ್ಲದರ ಮೊದಲೂ ಕೊನೆಯೂ ಆ ಎರಡು ಬಾಯಿಗಳಲ್ಲಿವೆಯಂತೆ. ಸಿಂಹಳದಲ್ಲಾದರೆ ಬಾಗಿಲ ಕಲ್ಲಿನ ಮೇಲೆ ನಾಗರಾಜ ತುಂಬಿದ ಕೊಡ ಹಿಡಿದು, ನೆಂಟರನ್ನು ಕಾಯುವ ಮನೆಯವನ ಹಾಗೆ ನಿಂತಿರುತ್ತಾನೆ. ಆ ಸಾಧು ಮುಖ ನನಗೆ ಹಿಡಿಸಲಿಲ್ಲ. ನಮ್ಮ ಬಾಗಿಲಿಗೂ ಒಂದು ಗತ್ತು ಬೇಡವೇ ಎಂದು ಜಟ್ಟಿಗಳನ್ನೇ ಆರಿಸಿದೆ.

ಕಡೂರಿನಿಂದ ಬಂದ ಗಾರೆ ಮೇಸ್ತ್ರಿ ಅದುವರೆಗೆ ಮಾಡಿದ್ದು ತಾರಸಿಯ ಮೇಲಿನ ಸಿಮೆಂಟಿನ ಸಿಂಹಗಳನ್ನು. ನಾನು ಹಾಳೆಯಲ್ಲಿ ಗೀಚಿಕೊಟ್ಟ ಜಪಾನಿ ಜಟ್ಟಿಗಳಿಗೆ ಆತ ರುಮಾಲು ಸುತ್ತಿದ, ಎದೆಗೆ ಅಡ್ಡಪಟ್ಟಿ ಹಾಕಿದ, ಹುರಿಮೀಸೆ ಇಟ್ಟ. ನಾನು ತಲೆ ಚಚ್ಚಿಕೊಂಡೆ.

"ಮೀಸೆ ಇಲ್ದೋನ್ನ ಯಾರು ಸಾ ಕಾವಲಿಗೆ ಇಟ್ಕತಾರೆ?" ಎಂದ ಮೇಸ್ತ್ರಿ. ಅಂತೂ ಜಪಾನಿನ ಜಟ್ಟಿಗಳು ಹೋಗಿ ಯಾವುದೋ ಕಚೇರಿಯ ದಫೇದಾರರು ಬಂದು ನಿಂತರು.

ನನಗೆ ಇದೆಲ್ಲ ಬೇಕಾಗಿದ್ದದ್ದು ಅವ್ವನಿಗಾಗಿ. ಊರ ಗುಡಿಯ ಎದುರಿನ ಬೇವಿನ ಮರದಡಿ ನಿಂತೇ ಬದುಕಿಡೀ ಕೈ ಮುಗಿದವಳು. ಅವಳ ತೆಂಗಿನಕಾಯಿ ಒಳಗೆ ಹೋಗುತ್ತಿತ್ತು, ಅವಳು ಹೋಗುತ್ತಿರಲಿಲ್ಲ. ನಮ್ಮದೇ ಆದ ಒಂದು ಬಾಗಿಲೊಳಗೆ ಅವಳನ್ನು ಕರೆದು ಕೂರಿಸಬೇಕು, ಅಷ್ಟೇ ನನ್ನ ಆಸೆ.

ವಿಹಾರ ತೆರೆದ ದಿನ ಅವ್ವ ಬಂದಳು. ಬಾಯಿ ತೆರೆದ ಮೀಸೆಯವನ ಕಾಲಿಗೆ ಕುಂಕುಮ ಹಚ್ಚಿದಳು, ಕಾಯಿ ಒಡೆದಳು, ಹೊರಗೇ ಕುಳಿತಳು.

"ಒಳಗೆ ಬಾರವ್ವ, ಬುದ್ಧ ಒಳಗವ್ನೆ" ಎಂದೆ.

"ಇಲ್ಲಿಂದ್ಲೇ ಕಾಣ್ತಾನೆ ಕಣೋ."

"ಇವ್ರು ದೇವ್ರಲ್ಲ ಕಣವ್ವ, ಬರೀ ಬಾಗ್ಲು ಕಾಯೋರು!"

"ಬಾಗ್ಲು ಕಾಯೋರ್ನ ಬಿಟ್ಟು ಒಳಗೋಗಕಾಯ್ತದೇನೋ? ನೀನು ಕೆಲ್ಸಕ್ಕೆ ಸೇರಾಗ ಕಚೇರಿ ಬಾಗ್ಲೋನಿಗೆ ಕೈ ಮುಗೀದೇ ಒಳಕ್ಕೋದ್ಯಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಳಗೆ ಬಿಡಲಿ ಎಂದು ಮೂರು ದಿನ ಕೈ ಮುಗಿದಿದ್ದೆ. ಆಮೇಲೆ ಅದೇ ಅಭ್ಯಾಸವಾಗಿ, ಅಲ್ಲೇ ಗುಮಾಸ್ತನಾದ ಮೇಲೂ ದಿನಾ ಬೆಳಿಗ್ಗೆ ಆ ಜವಾನನಿಗೆ ಮುಗಿಯುತ್ತಲೇ ಇದ್ದೆ.

ಅವ್ವನನ್ನು ನೋಡಿ ಇಡೀ ಬೀದಿಯೇ ಹೊರಗೆ ಕುಳಿತಿತು. ಊದುಕಡ್ಡಿ ಹೊರಗೆ, ಹೂವು ಹೊರಗೆ. ಬಾಯಿ ತೆರೆದವನ ಬಾಯಿಗೆ ಯಾರೋ ಬಾಳೆಹಣ್ಣು ತುರುಕಿದರು, ಬಾಯಿ ಮುಚ್ಚಿದವನಿಗೆ ದಿನವೂ ಉಪವಾಸ. ಒಳಗೆ ಬುದ್ಧ ಒಬ್ಬನೇ, ಜೊತೆಗೆ ನಾನು. ನನಗೆ ರೇಗಿ ಹೋಯಿತು. ಮೇಸ್ತ್ರಿಯನ್ನು ಕರೆಸಿ, ಎರಡನ್ನೂ ಒಡೆದು ಹಾಕಪ್ಪ ಎಂದೆ.

"ಕೈಯಾರೆ ಮೀಸೆ ತಿದ್ದೀನಿ ಸಾ! ಬಿ.ಎ. ಓದಿ ಇಂಗಂತೀರಲ್ಲ!" ಎಂದು ಆತ ಸಿಟ್ಟಾಗಿ ಕಡೂರಿನ ಬಸ್ಸು ಹತ್ತಿದ.

ವೈಶಾಖದ ಹುಣ್ಣಿಮೆ ಬಂತು. ಬೆಳಿಗ್ಗೆಯೇ ಒಳಗಿನ ಪೀಠವನ್ನು ನಾನೇ ಸೇವಂತಿಗೆಯಿಂದ ಅಲಂಕರಿಸಿ, ಹೊರಗೆ ನಿಂತು ಅವ್ವನಿಗೆ ನಾಗರಾಜನ ಕಥೆ ಹೇಳುತ್ತಿದ್ದೆ. ಆಗ ಪಕ್ಕದ ಮನೆಯ ಆಡು ನಮ್ಮಿಬ್ಬರನ್ನೂ, ಮೀಸೆಯವರಿಬ್ಬರನ್ನೂ ದಾಟಿ, ನಿಧಾನವಾಗಿ ಒಳಗೆ ನಡೆದು ಬುದ್ಧನ ಪಾದದ ಹೂವಿಗೆ ಬಾಯಿ ಹಾಕಿತು.

"ಅಯ್ಯೋ ನಿನ್ ಮನೆ ಹಾಳಾಗ!" ಎಂದವಳೇ ಅವ್ವ ಕೈಚೀಲವನ್ನು ಮೀಸೆಯವನ ಚಾಚಿದ ತೋಳಿಗೆ ಸಿಕ್ಕಿಸಿ ಒಳಗೆ ಓಡಿದಳು. ಆಡು ಹೊರಗೆ ಬಂತು. ಅವ್ವ ಬರಲಿಲ್ಲ.

ಬಗ್ಗಿ ನೋಡಿದೆ. ಚೆಲ್ಲಿದ ಹೂವನ್ನು ಒಂದೊಂದಾಗಿ ಆರಿಸಿ ಪಾದಕ್ಕಿಡುತ್ತಿದ್ದಳು. ಎಲ್ಲಿದ್ದೇನೆಂದು ಆಗ ತಿಳಿದಿರಬೇಕು, ಕೈ ನಿಂತಿತು. ತಲೆ ಎತ್ತಿ ಬುದ್ಧನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಳು. ನಾಗರಾಜನ ಕಥೆಯನ್ನು ನಾನು ಅರ್ಧಕ್ಕೇ ಬಿಟ್ಟೆ. ನನ್ನ ಮಟ್ಟಿಗೆ ಅದೇ ದೊಡ್ಡ ಸಾಧನೆ.

ಹೊರಗೆ ಬಂದು ಚೀಲ ತೆಗೆದುಕೊಳ್ಳುತ್ತ ಮೀಸೆಯವನಿಗೆ ಹೇಳಿದಳು: "ಇಷ್ಟಿಷ್ಟು ದಪ್ಪ ಇದೀರಿ, ಒಂದು ಆಡು ತಡೆಯಾಕೆ ಆಗ್ಲಿಲ್ಲ. ನಿಮಗೆ ಎದ್ರಿಕೊಂಡು ಕುಂತಿದ್ನಲ್ಲ ನಾನು!"

ಅಂದಿನಿಂದ ಬೀದಿಯವರೆಲ್ಲ ಆ ತೋಳುಗಳಿಗೆ ಕೊಡೆ, ಚೀಲ ನೇತುಹಾಕಿ ಒಳಗೆ ಹೋಗುತ್ತಾರೆ. ನಾನು ಬೇಡವೆಂದ ಸಿಂಹಳದ ನಾಗರಾಜನೇ ಮೀಸೆ ಬಿಟ್ಟುಕೊಂಡು ಬಂದು ನಿಂತ ಹಾಗಿದೆ.

ಆ ಹುಣ್ಣಿಮೆಯ ಮಾರನೆಯ ದಿನ ಕಚೇರಿಯ ಬಾಗಿಲಲ್ಲಿ ಜವಾನ ಎಂದಿನಂತೆ ಮೀಸೆ ತಿರುವುತ್ತ ನಿಂತಿದ್ದ. ನನ್ನ ಕೈಗಳು ತಾವಾಗಿಯೇ ಮೇಲೇಳುತ್ತಿದ್ದವು. ಆಡಿನ ನೆನಪಾಗಿ ಕೆಳಗಿಳಿಸಿದೆ. ಹಾಗೇ ಒಳಗೆ ನಡೆದೆ. ಅವನೂ ತಡೆಯಲಿಲ್ಲ.